ಕ್ರಿಬಿನ್ ಎಂಬ ಹೆಸರು ಬಿದ್ದವನು

ನಮ್ಮೂರಿಗೆ ಬಂದು ಇಥೆಲ್ ವಿಲಿಯಮ್ಸನ ಮನೆ ಯಾವುದು ಎಂದು ಕೇಳಿದರೆ ಜನ ಮುಖ ಮುಖ ನೋಡಿಕೊಳ್ಳುತ್ತಾರೆ. ವಿಲಿಯಮ್ಸ್‌ಗಳದು ಬೀದಿಗೆ ಹತ್ತು ಮನೆ. ಅವರಲ್ಲಿ ಇಥೆಲ್‌ಗಳೇ ಮೂವರು ಇದ್ದ ಕಾಲವೂ ಉಂಟು. ವೇಲ್ಸಿನ ನಮ್ಮ ಬೆಟ್ಟದೂರುಗಳಿಗೆ ದೇವರು ಮಳೆಯನ್ನು ಮೊಗೆಮೊಗೆದು ಕೊಟ್ಟ, ಮನೆತನದ ಹೆಸರು ಹಂಚುವಾಗ ಮಾತ್ರ ಜಿಪುಣನಾದ. ಹಾಗಾಗಿ ಇಲ್ಲಿ ಪ್ರತಿಯೊಬ್ಬನಿಗೂ ಊರೇ ಒಂದು ಅಡ್ಡಹೆಸರು ಇಡುತ್ತದೆ. ಒಮ್ಮೆ ಅಂಟಿತೆಂದರೆ ಅಂಟಿತು. ಹೆಂಡತಿಗೂ ಅದೇ, ಮಕ್ಕಳಿಗೂ ಅದೇ, ಕೊನೆಗೆ ಪತ್ರಿಕೆಯ ಸಾವಿನ ಸುದ್ದಿಯಲ್ಲೂ ಅದೇ. ಇಥೆಲ್ ಕ್ರಿಬಿನ್ ಎಂದು ಕೇಳಿ ನೋಡಿ, ಬೀದಿಯ ಬೆಕ್ಕು ಕೂಡ ದಾರಿ ತೋರಿಸುತ್ತದೆ.

ಕ್ರಿಬಿನ್ ಎನ್ನುವುದು ಒಂದು ಕಾದಂಬರಿಯ ಪಾತ್ರ. ಜೊತೆಯವರನ್ನು ನಡುದಾರಿಯಲ್ಲಿ ಕೈಬಿಟ್ಟು ಓಡಿಹೋದವನು ಎಂಬುದು ಅವನ ವಿಷಯದಲ್ಲಿ ನಮ್ಮೂರಿನ ತಿಳುವಳಿಕೆ. ಹಾಗೆ ತಿಳಿದವರು ಯಾರೂ ಆ ಕಾದಂಬರಿಯನ್ನು ಕೊನೆಯವರೆಗೆ ಓದಿದವರಲ್ಲ. ಓದದೆ ಉಳಿದದ್ದು ಸೋಮಾರಿತನದಿಂದಲ್ಲ, ಹಟದಿಂದ. ನಮ್ಮವರ ಹಟದ ಮುಂದೆ ನಮ್ಮ ಬೆಟ್ಟಗಳೂ ಮೆತ್ತಗೆ.

ಚಳಿಗಾಲಕ್ಕೆಂದು ಊರೆಲ್ಲ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುವ ಅಕ್ಟೋಬರಿನ ಭಾನುವಾರ ಬಂತೆಂದರೆ ಇಥೆಲ್ ಅಗ್ಗಿಷ್ಟಿಕೆಯ ಪಕ್ಕದ ಕಪಾಟಿನಿಂದ ಆ ಪುಸ್ತಕವನ್ನು ಇಳಿಸುತ್ತಿದ್ದ. ಬೆನ್ನು ಕಿತ್ತುಹೋಗಿ, ಹೆಂಡತಿ ಮೆನ್ನಾ ಹಳೆಯ ಪರದೆಯ ಬಟ್ಟೆಯಿಂದ ಹೊಲಿದುಕೊಟ್ಟ ಹೊದಿಕೆ. 'ಕೆಂಡ ಹೊತ್ತವರು' ಎಂದು ಅದರ ಹೆಸರು. ನಮ್ಮ ವೆಲ್ಷ್ ಭಾಷೆಯಲ್ಲೇ ಯಾರೋ ಶಾಲಾ ಮೇಷ್ಟ್ರು ಬರೆದದ್ದು. ಹಿಮ ಒಂದೊಂದೇ ಊರಿನ ಒಲೆ ಆರಿಸುತ್ತಾ ಬರುವ ನಾಡು; ಉಳಿದ ಕಟ್ಟಕಡೆಯ ಒಲೆಯಿಂದ ಒಂದು ಕೆಂಡವನ್ನು ಕಬ್ಬಿಣದ ಮಡಕೆಯಲ್ಲಿಟ್ಟುಕೊಂಡು ಏಳು ಜನ ಬೆಟ್ಟದ ತುದಿಯ ತಾಯೊಲೆಯನ್ನು ಮತ್ತೆ ಹೊತ್ತಿಸಲು ಹೊರಡುತ್ತಾರೆ. ಬಾಯಿ ಬಿಟ್ಟರೆ ಬೈಯುವ ಕಮ್ಮಾರ ಕಾರ್ನಾಲ್. ದೋಣಿ ನಡೆಸುವ ಡಾರ್ಲನ್ ಎಂಬ ಹೆಂಗಸು. ರಾಜ್ಯವಿಲ್ಲದ, ಹೊಟ್ಟೆ ಮಾತ್ರ ಉಳಿದ ರಾಜ ಮೂಸೋಗ್. ತನ್ನ ಹಾಡನ್ನೇ ಮರೆಯುವ ಹಾಡುಗಾರ ತೆಲಿನಾರ್. ಯಾವ ವಿಷಯಕ್ಕೂ ಒಪ್ಪದ ಅವಳಿ ಕಳ್ಳರು. ಏಳನೆಯವನು, ಎಲ್ಲರಿಗಿಂತ ಚಿಕ್ಕವನು, ಬೆಟ್ಟದ ಕಾಲುದಾರಿ ಬಲ್ಲ ಕುರುಬ ಕ್ರಿಬಿನ್.

ಮೆನ್ನಾ ಬದುಕಿದ್ದಾಗ ಪ್ರತಿ ವರ್ಷ ಅದೇ ಮಾತು.

"ಮತ್ತೆ ಅದೇನಾ? ಈ ವರ್ಷ ಏನಾದ್ರೂ ಬೇರೆ ಥರ ಮುಗಿಯುತ್ತೆ ಅಂದ್ಕೊಂಡಿದೀಯಾ?"

"ಮುಗಿಯೋದಕ್ಕೆ ಯಾರು ಓದ್ತಾರೆ, ಅವರೆಲ್ಲ ಹೇಗಿದಾರೆ ಅಂತ ನೋಡ್ಕೊಂಡು ಬರೋದು ಅಷ್ಟೆ," ಎನ್ನುತ್ತಿದ್ದ ಇಥೆಲ್.

ಅದು ತಮಾಷೆಯ ಮಾತಲ್ಲ ಎಂದು ಅವಳಿಗೆ ಗೊತ್ತಿತ್ತು. ಅವನಿಗೆ ಆ ಪುಸ್ತಕದೊಳಗೆ ಕಾಣುತ್ತಿದ್ದವರು ಕಮ್ಮಾರನೂ ರಾಜನೂ ಅಲ್ಲ. ಸ್ಲೇಟುಗಣಿಯಲ್ಲಿ ಅವನ ಜೊತೆ ಕೆಲಸ ಮಾಡಿದವರು.

ಗಣಿಯಲ್ಲಿ ಮಧ್ಯಾಹ್ನದ ಊಟಕ್ಕೆ ಒಂದು ಕೋಣೆ ಇರುತ್ತದೆ, ಕಾಬಾನ್ ಎನ್ನುತ್ತೇವೆ. ಕಲ್ಲಿನ ಗೋಡೆ, ನಡುವೆ ಒಲೆ, ಬೆಳಗ್ಗೆ ಏರಿಸಿದ ಚಹಾ ಮಧ್ಯಾಹ್ನದ ಹೊತ್ತಿಗೆ ಚಮಚ ನೆಟ್ಟಗೆ ನಿಲ್ಲುವಷ್ಟು ಗಟ್ಟಿ. ಬ್ರೆಡ್ಡು ಬೆಣ್ಣೆ ತಿನ್ನುವುದು ಅಲ್ಲಿ ನೆಪ. ಅಸಲಿ ಕೆಲಸವೆಂದರೆ ವಾದ, ಹಾಡು, ಪ್ರಾರ್ಥನೆಯ ರಾಗಗಳ ಬಗ್ಗೆ ಜಗಳ, ಮತ್ತೆ ಓದು. ಒಬ್ಬ ಜೋರಾಗಿ ಓದುವವನು, ಮಿಕ್ಕವರು ಕೇಳುವವರು. ಇಥೆಲ್ ಇದ್ದ ಕಾಬಾನಿನಲ್ಲಿ ಓದುವವನು ಮೈಲಿರ್ ಜೋನ್ಸ್. ಅವನ ಗಂಟಲಿನಲ್ಲಿ ಒಂದು ಊರೇ ವಾಸವಾಗಿತ್ತು, ಒಬ್ಬೊಬ್ಬರಿಗೂ ಬೇರೆ ಬೇರೆ ದನಿ.

ಓದಿಗೆ ಎರಡು ನಿಯಮ. ಕೆಲಸದ ಕೊಂಬು ಊದಿದ ಕ್ಷಣವೇ ಓದು ನಿಲ್ಲಬೇಕು, ವಾಕ್ಯದ ನಡುವೆಯಾದರೂ ಸರಿ. ಯಾರಾದರೂ ತಡೆಯಲಾರದೆ "ಆಮೇಲೆ?" ಎನ್ನುತ್ತಿದ್ದರು. ಮೈಲಿರ್ ಪುಸ್ತಕ ಮುಚ್ಚಿ "ನಾಳೆ" ಎನ್ನುತ್ತಿದ್ದ. ಅಷ್ಟೇ. ಎರಡನೆಯದು, ಕಾಬಾನಿನಲ್ಲಿ ಶುರುವಾದ ಪುಸ್ತಕ ಕಾಬಾನಿನಲ್ಲೇ ಮುಗಿಯಬೇಕು. ಮನೆಯಲ್ಲಿ ಒಬ್ಬನೇ ಮುಂದಕ್ಕೆ ಓದಿಕೊಳ್ಳುವುದು ಹಂಚಿಕೊಂಡ ಬುತ್ತಿಯನ್ನು ಕದ್ದು ತಿಂದ ಹಾಗೆ. ಹಾಗೆ ಮಾಡಿದವನ ಜೊತೆ ಯಾರೂ ಚಹಾ ಕುಡಿಯುತ್ತಿರಲಿಲ್ಲ.

'ಕೆಂಡ ಹೊತ್ತವರು' ಶುರುವಾದ ವಾರದಲ್ಲೇ ಹೆಸರುಗಳು ಅಂಟತೊಡಗಿದವು. ಕಲ್ಲು ಸೀಳುವ ಹಂಫ್ರಿಗೆ ಬೈಗುಳವೇ ಉಸಿರು, ಅವನು ಕಾರ್ನಾಲ್ ಆದ. ಎಲ್ಲರ ಬುತ್ತಿಗೂ ಕೈ ಹಾಕುವ ಸಾಲಮನ್ ಮೂಸೋಗ್ ಆದ. ಸದಾ ಕಚ್ಚಾಡುವ ಇಬ್ಬರು ಅವಳಿ ಕಳ್ಳರಾದರು. ಮೈಲಿರ್ ತನಗೆ ತಾನೇ ತೆಲಿನಾರ್ ಎಂದು ಇಟ್ಟುಕೊಂಡ. ಇಥೆಲ್‌ಗೆ ಮಾತ್ರ ಇನ್ನೂ ಹೆಸರು ಬಿದ್ದಿರಲಿಲ್ಲ. ಆಗ ಅವನಿಗೆ ಇಪ್ಪತ್ತೈದರ ಆಸುಪಾಸು. ತೊಡೆಗೆ ಸರಪಳಿ ಸುತ್ತಿಕೊಂಡು ಗುಹೆಯ ಗೋಡೆಗೆ ನೇತುಬಿದ್ದು ಬಂಡೆ ಕೊರೆಯುವ ಕೆಲಸ. ಅವನು ಕೆಡವಿದ ಬಂಡೆಯನ್ನು ಹಂಫ್ರಿ ಹಾಳೆ ಹಾಳೆಯಾಗಿ ಸೀಳುತ್ತಿದ್ದ. "ನೀನು ಬಂಡೆ ಇಳಿಸ್ತೀಯೋ ಗಂಜಿಯ ನುಚ್ಚು ಕಳಿಸ್ತೀಯೋ" ಎಂಬಂಥ ಮಾತಿಲ್ಲದೆ ಹಂಫ್ರಿಯ ಬೆಳಗು ಶುರುವಾಗುತ್ತಿರಲಿಲ್ಲ. ಅಪ್ಪನಿಲ್ಲದ ಇಥೆಲ್‌ಗೆ ಆ ಬೈಗುಳ ಹಾಲು ಕುಡಿದಷ್ಟು ಹಿತ.

ಮನೆಗಳ ಮಾಡಿಗೆ ಹೊದಿಸುವ ಸ್ಲೇಟಿಗೆ ಬೇಡಿಕೆ ಕುಸಿಯಿತು. ಪ್ರತಿ ತಂಡದಿಂದಲೂ ಒಬ್ಬನನ್ನು ಬಿಡಿಸಬೇಕೆಂದು ಮೇಲಿನಿಂದ ಆದೇಶ ಬಂತು. ಇಥೆಲ್‌ನ ತಂಡದಲ್ಲಿ ಹೋಗಬೇಕಾದವನು ಯಾರೆಂದು ಯಾರಿಗೂ ಹೇಳಬೇಕಾಗಿರಲಿಲ್ಲ. ಹಂಫ್ರಿಯ ಎದೆಯಲ್ಲಿ ಕಲ್ಲಿನ ಧೂಳು ಕೂತಿತ್ತು, ಕೆಮ್ಮಿಗೆ ಕೆಲಸ ನಿಲ್ಲುತ್ತಿತ್ತು. ಮನೆಯಲ್ಲಿ ಇನ್ನೂ ಶಾಲೆಗೆ ಹೋಗುವ ಮಕ್ಕಳು. ಆ ಎದೆಯನ್ನು ಹೊತ್ತುಕೊಂಡು ಬೇರೆಲ್ಲಿ ಕೆಲಸ ಕೇಳಿದರೂ ಬಾಗಿಲಲ್ಲೇ ವಾಪಸು. ಇಥೆಲ್ ಮೇಸ್ತ್ರಿಯನ್ನು ಒಬ್ಬನೇ ಕಂಡ.

"ನಮ್ಮ ತಂಡದಿಂದ ನನ್ನ ಹೆಸರು ಬರ್ಕೊಳ್ಳಿ. ಯಾರಿಗೂ ಹೇಳ್ಬೇಡಿ. ಹಂಫ್ರಿಗೆ ಗೊತ್ತಾದ್ರೆ ಸತ್ರೂ ಒಪ್ಪಲ್ಲ."

ಮಿಕ್ಕವರಿಗೆ ಹೇಳಿದ್ದು ಬೇರೆ. ಕಣಿವೆಯಾಚೆ ಹೊಸದಾಗಿ ಎದ್ದ ವಿದ್ಯುತ್ ಸ್ಥಾವರದಲ್ಲಿ ಸಂಬಳ ಜಾಸ್ತಿ, ಒಣಗಿದ ಬಟ್ಟೆಯಲ್ಲಿ ಮನೆಗೆ ಬರಬಹುದು, ಅದಕ್ಕೇ ಹೊರಟೆ ಎಂದ. ಗಣಿಯವರಿಗೆ ಇದಕ್ಕಿಂತ ದೊಡ್ಡ ಬೈಗುಳ ಇನ್ನೊಂದಿಲ್ಲ. ಕಷ್ಟ ಬಂದಾಗ ತಂಡ ಬಿಟ್ಟು ಒಣ ಬಟ್ಟೆ ಹುಡುಕಿಕೊಂಡು ಹೋದವನು ಎಂಬುದು.

ಅವನ ಕೊನೆಯ ದಿನ ಕಾಬಾನಿನಲ್ಲಿ ಓದಿದ ಭಾಗ ಯಾವುದಾಗಿತ್ತು ಎನ್ನುವುದನ್ನು ವಿಧಿ ಎನ್ನಬೇಕೋ ಏನೆನ್ನಬೇಕೋ. ಏಳು ಜನ ಹಿಮದಲ್ಲಿ ಮಲಗಿ ಬೆಳಗ್ಗೆ ಎದ್ದು ನೋಡುತ್ತಾರೆ, ಕ್ರಿಬಿನ್ ಇಲ್ಲ. ಅರ್ಧ ಬ್ರೆಡ್ಡು ಇಲ್ಲ. ಇದ್ದ ಒಂದೇ ಒಳ್ಳೆಯ ಕಂದೀಲು ಇಲ್ಲ. ಕಾರ್ನಾಲ್ ಹಿಮದ ಮೇಲೆ ಉಗಿದು, "ಇನ್ನು ನಾವು ಆರೇ ಜನ. ಅವನ ಹೆಸರೆತ್ತಿದವನ ಹಲ್ಲು ಉದುರಿಸ್ತೀನಿ" ಎನ್ನುತ್ತಾನೆ. ಕೊಂಬು ಊದಿತು. ಇಥೆಲ್ ತನ್ನ ಚಹಾದ ಡಬ್ಬಿ ಎತ್ತಿಕೊಂಡ. ಮೈಲಿರ್ ಪುಸ್ತಕ ಮುಚ್ಚಿ ಅವನನ್ನೇ ನೋಡಿ, "ಹೋಗಿ ಬಾ, ಕ್ರಿಬಿನ್" ಎಂದ.

ಕಾಬಾನೆಲ್ಲ ನಕ್ಕಿತು. ಹಂಫ್ರಿ ನಗಲಿಲ್ಲ. ಒಲೆಯೊಳಕ್ಕೆ ಉಗಿದು ಮುಖ ತಿರುಗಿಸಿದ. ಸಂಜೆ ಇಥೆಲ್ ಇಳಿದು ಊರು ಮುಟ್ಟುವುದಕ್ಕೆ ಮುಂಚೆಯೇ ಹೆಸರು ಊರು ಮುಟ್ಟಿತ್ತು.

ಚಳಿಗಾಲ ಕಳೆಯುವಷ್ಟರಲ್ಲಿ ಗಣಿಯೇ ಮುಚ್ಚಿತು. ಪುಸ್ತಕ ಮುಕ್ಕಾಲು ದಾರಿಯಲ್ಲಿ ನಿಂತಿತು. ಕಾಬಾನಿನಲ್ಲಿ ಶುರುವಾದದ್ದು ಕಾಬಾನಿನಲ್ಲೇ ಮುಗಿಯಬೇಕು, ಕಾಬಾನೇ ಇಲ್ಲ. ಬೇರೆ ಊರಿನವರಾಗಿದ್ದರೆ ಯಾರದಾದರೂ ಮನೆಯಲ್ಲಿ ಕೂತು ಮುಗಿಸಿಬಿಡುತ್ತಿದ್ದರು. ನಮ್ಮವರು ಮುಗಿಸಲಿಲ್ಲ. ಗ್ರಂಥಾಲಯದಲ್ಲಿ ಅದೇ ಪುಸ್ತಕ ಕಣ್ಣೆದುರು ನಿಂತಿದ್ದರೂ ಒಬ್ಬನೂ ಮುಟ್ಟಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ.

ಮುಟ್ಟಿದವನು ಇಥೆಲ್ ಒಬ್ಬನೇ. ಹೇಗೂ ಹೊರಗಿನವನಾಗಿದ್ದೇನಲ್ಲ ಎಂಬ ಸಿಟ್ಟಿನಲ್ಲಿ ಸಂತೆಯ ಹಳೇ ಪುಸ್ತಕದ ಅಂಗಡಿಯಿಂದ ಒಂದು ಪ್ರತಿ ಕೊಂಡ. ಕೊನೆಯ ಅಧ್ಯಾಯ ಓದಿದ ದಿನ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಅತ್ತ. ಕ್ರಿಬಿನ್ ಓಡಿಹೋಗಿರಲಿಲ್ಲ. ಬೆಳಕಿನ ಜಾಡು ಹಿಡಿದು ಬೇಟೆಯಾಡುವ ಹಿಮದ ನಾಯಿಗಳು ಬೆನ್ನು ಹತ್ತಿದ್ದು ಅವನೊಬ್ಬನಿಗೇ ತಿಳಿದಿತ್ತು. ಕಂದೀಲು ಹಿಡಿದು ಇನ್ನೊಂದು ಗುಡ್ಡದ ನೆತ್ತಿಯ ಮೇಲೆ ನಡೆದ, ನಾಯಿಗಳು ಬೆಳಕಿನ ಹಿಂದೆ ಹೋಗಲಿ, ಕೆಂಡ ಕತ್ತಲಲ್ಲಿ ದಾಟಿಹೋಗಲಿ ಎಂದು. ತಾಯೊಲೆ ಹೊತ್ತಿದ ಮೇಲೆ ಮಿಕ್ಕವರು ಇಳಿದು ಬರುವಾಗ ಅವನು ಸಿಗುತ್ತಾನೆ, ಎಣ್ಣೆ ತೀರಿದ ಕಂದೀಲನ್ನು ಹಿಡಿದುಕೊಂಡು ಹೆಪ್ಪುಗಟ್ಟಿದವನು.

"ಹೋಗಿ ಹೇಳು ಅವರಿಗೆ," ಎಂದಳು ಆಗಷ್ಟೇ ಮದುವೆಯಾಗಿದ್ದ ಮೆನ್ನಾ. "ಮೂರ್ಖರಾ, ಕೊನೇ ಅಧ್ಯಾಯ ಓದ್ರೋ ಅಂತ ಹೇಳು."

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರೆ."

"ಅಂದ್ಕೊಳ್ಳಲಿ."

"ಪುಸ್ತಕ ಮುಂದಕ್ಕೆ ಓದ್ಬಿಟ್ಟಿದೀಯಾ ಅಂತಾರೆ. ಅದೂ ಸೇರುತ್ತೆ ನನ್ನ ಲೆಕ್ಕಕ್ಕೆ."

ಹೇಳಲಿಲ್ಲ. ಇಥೆಲ್ ಎದುರಾದರೆ ಹಂಫ್ರಿ ರಸ್ತೆಯ ಆ ಬದಿಗೆ ದಾಟಿಕೊಳ್ಳುತ್ತಿದ್ದ. ಕೆಮ್ಮು ಮೊದಲು ಕೇಳಿಸುತ್ತಿತ್ತು, ಆಮೇಲೆ ಬೆನ್ನು ಕಾಣುತ್ತಿತ್ತು. ಹಂಫ್ರಿ ತೀರಿಕೊಂಡಾಗ ಇಥೆಲ್ ಪ್ರಾರ್ಥನಾ ಮಂದಿರದ ಕಟ್ಟಕಡೆಯ ಬೆಂಚಿನಲ್ಲಿ ಕೂತು, ಸ್ಮಶಾನಕ್ಕೆ ಹೋಗದೆ ಮನೆಗೆ ಬಂದ. ಆ ರಾತ್ರಿ ಮೆನ್ನಾಗೆ ಹೇಳಿದ, "ಬೈದಿದ್ರೂ ಸಾಕಿತ್ತು. ಒಂದು ಸಲ ಬೈದಿದ್ರೂ ಸಾಕಿತ್ತು."

ಆ ಚಳಿಗಾಲ ಪುಸ್ತಕ ತೆಗೆದಾಗ ಕಾರ್ನಾಲ್ ಬಾಯಿ ಬಿಟ್ಟರೆ ಹಂಫ್ರಿಯ ದನಿಯೇ ಬಂತು, ಕೆಮ್ಮಿನ ಸಮೇತ. ಸಾಲಮನ್ ಹೋದ ಮೇಲೆ ಮೂಸೋಗ್ ರಾಜನ ತಿಂಡಿಯ ಮಾತುಗಳಿಗೆ ಮೊದಲಿನಂತೆ ನಗಲಾಗಲಿಲ್ಲ. ಅವಳಿ ಕಳ್ಳರೂ ಹೋದರು, ಒಬ್ಬ ಆಸ್ಪತ್ರೆಯಲ್ಲಿ, ಒಬ್ಬ ಮಗಳ ಊರಿನಲ್ಲಿ. ವರ್ಷ ವರ್ಷ ಓದಿದಂತೆ ಪುಸ್ತಕದವರು ಹಾಗೇ ಉಳಿದರು, ಇಥೆಲ್ ಮಾತ್ರ ಅವರನ್ನು ಒಬ್ಬೊಬ್ಬರನ್ನಾಗಿ ದಾಟಿಕೊಂಡು ಮುಂದೆ ಹೋದ. ಕ್ರಿಬಿನ್‌ನ ವಯಸ್ಸಿನವನು ಕಾರ್ನಾಲ್‌ನ ವಯಸ್ಸಿನವನಾದ, ಅದನ್ನೂ ದಾಟಿದ. ಯೌವನದಲ್ಲಿ ಹಾರಿಸಿಬಿಡುತ್ತಿದ್ದ ಮರೆಗುಳಿ ಹಾಡುಗಾರನ ಉದ್ದುದ್ದ ಗೊಣಗಾಟ ಈಗ ಅವನಿಗೆ ಎಲ್ಲಕ್ಕಿಂತ ಇಷ್ಟ. ಮೆನ್ನಾ ಹೋದ ವರ್ಷವೂ ಓದಿದ. ಮನೆಯಲ್ಲಿ ಇನ್ನಾರೂ ಇಲ್ಲದ್ದರಿಂದ ಜೋರಾಗಿಯೇ ಓದಿದ.

ಕಾಬಾನಿನವರಲ್ಲಿ ಉಳಿದದ್ದು ಇಬ್ಬರು. ಓದಿದ ಮೈಲಿರ್, ಹೊರಗುಳಿದ ಇಥೆಲ್. ಮೈಲಿರ್ ವೃದ್ಧರ ಮನೆ ಸೇರಿ ಕಣ್ಣು ಕಳೆದುಕೊಂಡಿದ್ದಾನೆ ಎಂಬ ಸುದ್ದಿ ಬಂದಿತ್ತು. ಇಥೆಲ್ ನೋಡಲು ಹೋಗಿರಲಿಲ್ಲ. ಹೆಸರಿಟ್ಟವನೇ ಅವನಲ್ಲವೇ.

ಒಂದು ದಿನ ಮೈಲಿರ್‌ನ ಮಗಳು ನೆರಿಸ್ ಬಾಗಿಲು ತಟ್ಟಿದಳು. ಶಾಲೆಯ ಅಡುಗೆಮನೆಯಲ್ಲಿ ದುಡಿದು ನಿವೃತ್ತಳಾದವಳು, ಮಾತು ನೇರ.

"ಅಪ್ಪ ನಿಮ್ಮನ್ನ ಕರೀತಿದಾರೆ. ಆ ಪುಸ್ತಕ ಮುಗಿಸ್ಬೇಕಂತೆ. ನಾನು ಓದ್ತೀನಿ ಅಂದೆ. ಕಾಬಾನಿನೋನೇ ಓದ್ಬೇಕಂತೆ."

"ನಾನು ಕಾಬಾನಿನೋನು ಅಂತ ನಿಮ್ಮಪ್ಪ ಹೇಳಿದ್ನಾ?"

"ಇನ್ಯಾರು ಉಳಿದಿದೀರಿ ಮಾವ? ಬರ್ತೀರೋ ಇಲ್ವೋ ಅಷ್ಟು ಹೇಳಿ. ಡಾಕ್ಟ್ರು ಜಾಸ್ತಿ ದಿನ ಕೊಟ್ಟಿಲ್ಲ."

ಇಥೆಲ್ ಕೋಟು ಹಾಕಿಕೊಂಡ. ಒಂದೇ ಆಸೆ ಅವನನ್ನು ಎಬ್ಬಿಸಿತು. ಕಾಬಾನಿನ ಒಬ್ಬನಾದರೂ, ಸಾಯುವ ಮುಂಚೆ, ಕ್ರಿಬಿನ್ ಯಾರೆಂದು ತಿಳಿದುಕೊಂಡು ಸಾಯಲಿ. ತಾನಾಗಿ ಹೇಳುವ ಹಾಗಿಲ್ಲ. ಓದು ಎಂದರೆ ಓದಬಹುದು.

ಮೈಲಿರ್ ಕಿಟಕಿಯ ಪಕ್ಕ ಕಂಬಳಿ ಹೊದ್ದು ಕೂತಿದ್ದ. ಮೈ ಸೊರಗಿ ಕೋಟಿನೊಳಗೆ ಎಲ್ಲೋ ಇದ್ದ. ಹೆಜ್ಜೆ ಸಪ್ಪಳಕ್ಕೆ ತಲೆಯೆತ್ತಿದ.

"ಬಂದ್ಯಾ ಕ್ರಿಬಿನ್. ಬ್ರೆಡ್ಡು ವಾಪಸ್ ತಂದಿದೀಯಾ?"

"ತಿಂದ್ಬಿಟ್ಟೆ. ನೀನು ಇನ್ನೂ ಸತ್ತಿಲ್ವಾ?"

"ಪುಸ್ತಕ ಮುಗೀಲಿ ಅಂತ ಕಾಯ್ತಿದೀನಿ. ಕೂತ್ಕೋ. ಕ್ರಿಬಿನ್ ಹೋದ ಮೇಲೆ ಸ್ವಲ್ಪ ದೂರ ಓದಿದ್ವಿ. ಮಂಜುಗಡ್ಡೆ ಸೇತುವೆ ಹತ್ರ ನಿಂತಿದೆ. ಕಾರ್ನಾಲ್‌ಗೆ ಸರಿಯಾದ ದನಿ ಕೊಡು, ಹಂಫ್ರಿ ಮೇಲಿಂದ ಕೇಳ್ತಿರ್ತಾನೆ."

ಹೀಗೆ ಶುರುವಾಯಿತು. ದಿನಾ ಮಧ್ಯಾಹ್ನ, ಊಟದ ಹೊತ್ತಿಗೆ. ಫ್ಲಾಸ್ಕಿನಲ್ಲಿ ಇಥೆಲ್ ಗಟ್ಟಿ ಚಹಾ ತರುತ್ತಿದ್ದ. ಕೊಂಬಿನ ಬದಲು ವೃದ್ಧರ ಮನೆಯ ಔಷಧಿ ಗಂಟೆ. ಅದು ಬಾರಿಸಿದೊಡನೆ ವಾಕ್ಯ ಎಲ್ಲಿತ್ತೋ ಅಲ್ಲೇ ನಿಲ್ಲುತ್ತಿತ್ತು. "ಆಮೇಲೆ?" ಎನ್ನುತ್ತಿದ್ದ ಮೈಲಿರ್. "ನಾಳೆ" ಎನ್ನುತ್ತಿದ್ದ ಇಥೆಲ್. ಆ ಎರಡು ಮಾತು ಆಡುವಾಗ ಮುದುಕರಿಬ್ಬರ ಮುಖ ನೋಡಬೇಕಿತ್ತು ಎಂದು ನೆರಿಸ್ ಇವತ್ತಿಗೂ ಹೇಳುತ್ತಾಳೆ. ಅವಳು ಚಿಕ್ಕವಳಿದ್ದಾಗ ಅಪ್ಪ ಮಲಗಿಸುವ ಕಥೆಯನ್ನೂ ಅದೇ ಮಾತಿನಿಂದ ನಿಲ್ಲಿಸುತ್ತಿದ್ದನಂತೆ.

ಓದು ಬೆಟ್ಟದ ತುದಿ ಮುಟ್ಟಿತು. ತಾಯೊಲೆ ಕಾಯುವ ಮುದುಕಿ ಅಲ್ಲಿ ಮೊದಲ ಸಲ ಬಾಗಿಲು ತೆರೆಯುತ್ತಾಳೆ. ಇಥೆಲ್ ಅವಳಿಗೊಂದು ನಡುಗುವ, ತೆಳ್ಳಗಿನ ದನಿ ಕೊಟ್ಟ.

"ಹಾಗಲ್ವೋ," ಎಂದ ಮೈಲಿರ್ ಕಣ್ಣು ಮುಚ್ಚಿಕೊಂಡೇ. "ಜೋರಾಗಿ ಕಿರುಚ್ಬೇಕು. ಅವಳಿಗೆ ಕಿವಿ ಕೇಳ್ಸಲ್ಲ."

ಇಥೆಲ್ ಮುಂದಿನ ಸಾಲಿಗೆ ಹೋದವನು ನಿಂತ. ಮುದುಕಿ ಕಿವುಡಿ ಎಂದು ತಿಳಿಯುವುದು ಆ ಅಧ್ಯಾಯದ ಕೊನೆಯಲ್ಲಿ. ಅಲ್ಲಿಗೆ ಇನ್ನೂ ಹಲವು ಪುಟಗಳಿದ್ದವು. ಕಾಬಾನಿನಲ್ಲಿ ಓದು ಇಲ್ಲಿಗೆ ಬಂದೇ ಇರಲಿಲ್ಲ.

"ನೀನು ಓದಿದೀಯ," ಎಂದ ಇಥೆಲ್.

ಮೈಲಿರ್ ಕಂಬಳಿಯನ್ನು ಎದೆಯವರೆಗೆ ಎಳೆದುಕೊಂಡ.

"ಮೈಲಿರ್. ಇದನ್ನ ನೀನು ಕೊನೆವರೆಗೂ ಓದಿದೀಯ."

"ಓದೋನು ಮುಂದಿನ ಪುಟ ನೋಡ್ಕೊಳ್ದೆ ಇಷ್ಟೆಲ್ಲ ದನಿ ತೆಗೆಯೋಕಾಗುತ್ತೇನೋ ಪೆದ್ದ. ಶುರು ಮಾಡೋಕೆ ಮುಂಚೆ ಇಡೀ ಪುಸ್ತಕ ಓದ್ಕೊಳ್ತಿದ್ದೆ. ಯಾವಾಗ್ಲೂ. ನಿಯಮ ಕೇಳೋರಿಗೆ."

"ಅಂದ್ರೆ ನಂಗೆ ಆ ಹೆಸರಿಟ್ಟಾಗ..."

"ಗೊತ್ತಿತ್ತು."

"ಏನು ಗೊತ್ತಿತ್ತು?"

"ಎರಡೂ. ಕ್ರಿಬಿನ್ ಯಾಕೆ ಹೋದ ಅನ್ನೋದು ಗೊತ್ತಿತ್ತು. ನೀನು ಯಾಕೆ ಹೋದೆ ಅನ್ನೋದೂ ಗೊತ್ತಿತ್ತು. ಮೇಸ್ತ್ರಿ ನನ್ನ ಭಾವಮೈದ ಕಣಪ್ಪ. ಯಾರಿಗೂ ಹೇಳ್ಬೇಡ ಅಂತ ಹೇಳ್ಕೊಂಡೇ ಹೇಳಿದ."

ಕಿಟಕಿಯ ಗಾಜಿನ ಮೇಲೆ ಮಳೆ ಹರಿಯುತ್ತಿತ್ತು. ಮೈಲಿರ್ ಉಸಿರು ತೆಗೆದುಕೊಂಡು ಮಾತು ಮುಂದುವರಿಸಿದ.

"ನಾನು ಹೇಳೋ ಹಾಗಿರ್ಲಿಲ್ಲ. ಹೇಳಿದ್ರೆ ಹಂಫ್ರಿ ಅವತ್ತೇ ಕೆಲಸ ಬಿಟ್ಟು ಹೋಗ್ತಿದ್ದ, ನೀನು ಬಿಟ್ಟಿದ್ದೂ ದಂಡ ಆಗ್ತಿತ್ತು. ಪುಸ್ತಕ ಹೇಳ್ಲಿ ಅಂತ ಬಿಟ್ಟೆ. ಕೊನೇ ಅಧ್ಯಾಯಕ್ಕೆ ಬಂದಾಗ ಎಲ್ಲರಿಗೂ ಹೊಳೆಯುತ್ತೆ, ಯಾಕೆ ಇಥೆಲ್‌ಗೆ ಈ ಹೆಸರಿಟ್ಟ ಅಂತ. ಹಂಫ್ರಿ ಎದ್ದು ನಿನ್ನ ಮನೆಗೇ ಬರ್ತಾನೆ, ಬೈಕೊಂಡೇ ಬರ್ತಾನೆ, ಅಂತೆಲ್ಲ ಲೆಕ್ಕ ಹಾಕಿದ್ದೆ. ನಾನು ಕಾಬಾನಿನಲ್ಲಿ ಇಟ್ಟ ಹೆಸರುಗಳಲ್ಲೆಲ್ಲ ಅದೇ ಒಳ್ಳೇದು ಕಣೋ. ಗಣಿ ಮುಚ್ಚುತ್ತೆ ಅಂತ ಯಾರಿಗೆ ಗೊತ್ತಿತ್ತು."

"ಗಣಿ ಮುಚ್ಚಿದ ಮೇಲೆ ಬಾಯಿ ಇರ್ಲಿಲ್ವಾ ನಿಂಗೆ?"

"ನಿಂಗಿತ್ತಾ?"

ಇಥೆಲ್ ಎದ್ದು ನಿಂತ.

"ಹಂಫ್ರಿ ನನ್ನ ಕಂಡ್ರೆ ರಸ್ತೆ ದಾಟ್ತಿದ್ದ. ನೀನು ನೋಡ್ತಿದ್ದೆ."

"ನೋಡ್ತಿದ್ದೆ. ಪುಸ್ತಕ ಮುಗಿಸೋಣ ಬನ್ರೋ ಅಂತ ಎರಡು ಸಲ ಕೇಳಿದೆ. ಕಾಬಾನಿಲ್ದೆ ಹೇಗೆ ಅಂತ ಹಂಫ್ರಿನೇ ಬೇಡ ಅಂದ. ಕೇಳ್ದಿದ್ರೆ ಹಾಳಾಗಿ ಹೋಗ್ಲಿ, ನಿಜ ಹೇಳ್ಬಿಡ್ಬೇಕಿತ್ತು. ಇವತ್ತು ನಾಳೆ ಅಂತ ಕಳೆದೆ. ಅವನು ಹೋಗ್ಬಿಟ್ಟ. ಆಮೇಲೆ ನಿನ್ನ ಮುಖ ನೋಡೋಕೆ ನಂಗೇ ಧೈರ್ಯ ಬರ್ಲಿಲ್ಲ."

ಇಥೆಲ್ ಪುಸ್ತಕವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಹೊರಟುಹೋದ. ಫ್ಲಾಸ್ಕನ್ನು ಅಲ್ಲೇ ಮರೆತಿದ್ದ.

ಆ ವಾರ ಅವನು ಹೋಗಲಿಲ್ಲ. ಸಿಟ್ಟು ಬಂದಿದ್ದರೆ ಸುಲಭವಿತ್ತು, ಸಿಟ್ಟಿಗಿಂತ ದೊಡ್ಡದು ಬಂದಿತ್ತು. ಇಷ್ಟು ವರ್ಷ ಅವನು ಹೊರಗಿದ್ದೇನೆಂದುಕೊಂಡು ಬದುಕಿದ. ಮೆನ್ನಾ ಅಂಗಡಿಗೆ ಹೋದರೆ 'ಕ್ರಿಬಿನ್ ಹೆಂಡತಿ' ಎಂಬ ಪಿಸುಮಾತು ಕೇಳಿಸಿಕೊಂಡು ಬರುತ್ತಿದ್ದಳು, ಮನೆಯಲ್ಲಿ ಹೇಳುತ್ತಿರಲಿಲ್ಲ. ಅದೆಲ್ಲದರ ಬುಡದಲ್ಲಿ ಒಬ್ಬ ಗೆಳೆಯ ಪ್ರೀತಿಯಿಂದ ಇಟ್ಟ ಹೆಸರು. ಒಬ್ಬನಿಗೆ ಕೊನೆಯ ಅಧ್ಯಾಯ ಗೊತ್ತಿತ್ತು, ಇನ್ನೊಬ್ಬನಿಗೂ ಗೊತ್ತಿತ್ತು. ನಿಯಮದ ನೆಪದಲ್ಲಿ ಇಬ್ಬರೂ ಬಾಯಿ ಕಟ್ಟಿಕೊಂಡರು. ನಡುವೆ ಹಂಫ್ರಿ ಏನೂ ತಿಳಿಯದೆ ಮಣ್ಣಾದ. ಇಂಥ ತಪ್ಪು ಮಾಡಲು ನಮ್ಮೂರಿನವರೇ ಬೇಕು.

ಪುಸ್ತಕ ತೆರೆದು ನೋಡಿದ. 'ಹೋಗಿ ಬಾ, ಕ್ರಿಬಿನ್' ಎಂಬ ಮಾತು ಅದರಲ್ಲಿ ಎಲ್ಲೂ ಇಲ್ಲ. ಅದು ಮೈಲಿರ್‌ನ ಸ್ವಂತ ಮಾತು. ಯಾವ ದನಿಯಲ್ಲಿ ಹೇಳಿದ್ದ ಎಂದು ನೆನಪು ಮಾಡಿಕೊಂಡ. ಎಷ್ಟು ನೆನೆದರೂ ಅದರಲ್ಲಿ ಕೊಂಕು ಸಿಗಲಿಲ್ಲ. ನಕ್ಕವರು ಮಿಕ್ಕವರು. ಹೇಳಿದವನು ನಕ್ಕಿರಲೇ ಇಲ್ಲ.

ನೆರಿಸ್ ಫೋನ್ ಮಾಡಿದಳು.

"ಅಪ್ಪ ಊಟ ಬಿಟ್ಟಿದಾರೆ ಮಾವ. ಮಾತೂ ನಿಂತಿದೆ. ಮಧ್ಯಾಹ್ನ ಆದ್ರೆ ಮಾತ್ರ ಬಾಗಿಲ ಕಡೆ ಮುಖ ತಿರುಗಿಸ್ತಾರೆ. ನೀವಿಬ್ರೂ ಏನು ಜಗಳ ಆಡಿದ್ರೋ ನಂಗೆ ಬೇಡ. ಬನ್ನಿ."

ಇಥೆಲ್ ಹೋದ. ನಡುದಾರಿಯಲ್ಲಿ ಬಿಟ್ಟುಹೋದವನೆಂಬ ಹೆಸರು ಇಷ್ಟು ದಿನ ಸುಳ್ಳಾಗಿತ್ತು, ಈಗ ಅದನ್ನು ನಿಜ ಮಾಡುವ ಮನಸ್ಸು ಅವನಿಗೆ ಬರಲಿಲ್ಲ.

ಮೈಲಿರ್ ಹಾಸಿಗೆಯಲ್ಲಿದ್ದ. ಉಸಿರು ಒಂದು ಬಂದರೆ ಇನ್ನೊಂದಕ್ಕೆ ಕಾಯಬೇಕಿತ್ತು. ಇಥೆಲ್ ಪಕ್ಕದಲ್ಲಿ ಕೂತು ಅವನ ಕೈ ಹಿಡಿದ. ಸ್ಲೇಟು ಸೀಳಿದ ಕೈಗಳಿಗೆ ವಯಸ್ಸಾದರೂ ಆ ಗಟ್ಟಿತನ ಹೋಗುವುದಿಲ್ಲ.

"ಬಂದಿದೀನಿ ಕಣೋ ತೆಲಿನಾರ್," ಎಂದ. "ತಡ ಆಯ್ತು. ಇಬ್ಬರಿಗೂ ತಡ ಆಯ್ತು. ಓದ್ತೀನಿ, ಕೇಳ್ಕೋ."

ಬೆರಳುಗಳು ಒಂದಿಷ್ಟು ಬಿಗಿದವು. ಕೇಳಬೇಕೆಂದುಕೊಂಡು ಬಂದಿದ್ದ ಒಂದು ಪ್ರಶ್ನೆ ಇಥೆಲ್‌ನ ಬಾಯಲ್ಲೇ ಉಳಿಯಿತು. ಹಂಫ್ರಿಗೆ ಕೊನೆಗಾಲದಲ್ಲಿ ಎಲ್ಲಾದರೂ ಅನುಮಾನ ಬಂದಿತ್ತೇ ಎಂದು. ಉತ್ತರ ಹೇಳಬಲ್ಲವನು ಇನ್ನು ಮಾತಾಡುವವನಲ್ಲ.

ಓದಿದ. ಮುದುಕಿಗೆ ಕಿರುಚುವ ದನಿ ಕೊಟ್ಟ, ಪಕ್ಕದ ಕೋಣೆಯ ಹೆಂಗಸು ಬಂದು ಇಣುಕಿ ನೋಡಿ ಹೋದಳು. ತಾಯೊಲೆ ಹೊತ್ತಿತು. ಆರು ಜನ ಬೆಟ್ಟ ಇಳಿದರು. ಮೂಸೋಗ್ ರಾಜ ತನಗೆ ಕಾದಿರುವ ಊಟಗಳನ್ನು ಹೆಸರಿಸುತ್ತಾ ಬಂದ, ಸಾಲಮನ್‌ನ ದನಿಯಲ್ಲಿ. ಅವಳಿಗಳು ದಾರಿಯ ವಿಷಯಕ್ಕೆ ಜಗಳವಾಡಿದರು. ಔಷಧಿ ಗಂಟೆ ಬಾರಿಸಿತು. ಇಥೆಲ್ ನಿಲ್ಲಿಸಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಅವನು ಕೊಂಬಿಗೆ ಕಿವಿಗೊಡಲಿಲ್ಲ. ನೆರಿಸ್ ಬಾಗಿಲು ಮುಂದಕ್ಕೆ ಮಾಡಿ ತಾನೂ ಬಂದು ಹಾಸಿಗೆಯ ಕಾಲ ಬಳಿ ಕೂತಳು.

ಇನ್ನೊಂದು ಗುಡ್ಡದ ನೆತ್ತಿಯ ಮೇಲೆ ಡಾರ್ಲನ್‌ಗೆ ಏನೋ ಕಪ್ಪಗೆ ಕಂಡಿತು. ಹತ್ತಿರ ಹೋದರು. ಹಿಮದ ನಾಯಿಗಳ ಹೆಜ್ಜೆಗಳು ಸುತ್ತಲೂ. ನಡುವೆ ಅವನು, ಕಂದೀಲು ಹಿಡಿದು, ಬೆನ್ನನ್ನು ಬಂಡೆಗೆ ಕೊಟ್ಟು ಕೂತವನು. ಇಥೆಲ್‌ನ ಬೆರಳು ಮುಂದಿನ ಸಾಲಿಗೆ ಜರುಗಿತು. ಈಗ ಬರಬೇಕಾದದ್ದು ಕಾರ್ನಾಲ್. ಎಷ್ಟೋ ಚಳಿಗಾಲಗಳಲ್ಲಿ ಮನಸ್ಸಿನಲ್ಲಿ ಕೇಳಿಸಿಕೊಂಡ ಹಂಫ್ರಿಯ ದನಿಯನ್ನು ಅವನು ಗಂಟಲಿಗೆ ತಂದುಕೊಂಡ.

"'ಕಮ್ಮಾರ ಕಾರ್ನಾಲ್ ಹಿಮದಲ್ಲಿ ಮಂಡಿಯೂರಿದನು. ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಕಂದೀಲನ್ನು ತೆಗೆದುಕೊಂಡನು. ತನ್ನ ಕೋಟನ್ನು ಬಿಚ್ಚಿ ಅವನ ಮೇಲೆ ಹೊದಿಸಿದನು. ಆಮೇಲೆ ಅವನ ಹೆಸರನ್ನು ಕೂಗಿ...'"

ಇಥೆಲ್ ಹಿಡಿದಿದ್ದ ಕೈ ಸಡಿಲವಾಗಿತ್ತು. ಮುಂದಿನ ಉಸಿರಿಗಾಗಿ ಅವನು ಕಾದ. ಅದು ಬರಲಿಲ್ಲ. ಇನ್ನೂ ಕಾದ.

ಆಮೇಲೆ ಪುಸ್ತಕ ಮುಚ್ಚಿದ. ಕಾರ್ನಾಲ್ ಕ್ರಿಬಿನ್‌ಗೆ ಹೇಳುವ ಆ ಒಂದು ಮಾತಿಗಾಗಿಯೇ ಅವನು ಪ್ರತಿ ಚಳಿಗಾಲ ಆ ಪುಸ್ತಕವನ್ನು ಮೊದಲಿನಿಂದ ಓದುತ್ತಿದ್ದದ್ದು. ಅದು ಅವನಿಗೆ ಬಾಯಿಪಾಠ. ಈಗ ಕೇಳಬೇಕಾದವರಲ್ಲಿ ಒಬ್ಬನೂ ಉಳಿದಿರಲಿಲ್ಲ.

ನೆರಿಸ್ ಅಪ್ಪನ ಪಾದದ ಮೇಲೆ ಕೈಯಿಟ್ಟು ಕೂತಿದ್ದಳು. ಕೊನೆಗೆ ಚಿಕ್ಕ ಹುಡುಗಿಯ ಹಾಗೆ ಕೇಳಿದಳು.

"ಆಮೇಲೆ?"

ಇಥೆಲ್ ಮೈಲಿರ್‌ನ ಕೈಯನ್ನು ಕಂಬಳಿಯೊಳಗೆ ಇಟ್ಟು ಹೊದಿಕೆ ಸರಿಮಾಡಿದ.

"ನಾಳೆ," ಎಂದ.